ನೂರಕ್ಕೆ ನೂರು ಬಂದ ಮೇಲೆ

ನನಗೆ ನೆನಪಿರುವ ಮೊದಲ ಪ್ರಶ್ನೆ ಇದು: "ಮೇಷ್ಟ್ರೇ, ಇದು ಯಾವ ಊರು?"

"ತಿಪಟೂರು" ಅಂದೆ. ಇಷ್ಟು ಸುಲಭದ್ದು ಯಾಕೆ ಕೇಳ್ತಾರೆ ಅಂತ ಸ್ವಲ್ಪ ಸಿಟ್ಟೂ ಬಂತು. ಥೆರಪಿ ಮೇಡಂ ಏನೋ ಬರೆದುಕೊಂಡರು. ಆಮೇಲೆ ತಿಂಗಳು ಕೇಳಿದರು, ವಾರ ಕೇಳಿದರು. ಆಸ್ಪತ್ರೆಗೆ ಬರುವ ಮುಂಚೆ ನಡೆದದ್ದರಲ್ಲಿ ಕೊನೆಗೆ ನೆನಪಿರೋದು ಏನು ಅಂತ ಕೇಳಿದರು. "ಒಂಬತ್ತನೇ ಕ್ಲಾಸಿಗೆ ಬಹುಪದೋಕ್ತಿ ಶುರು ಮಾಡಿದ್ದು" ಅಂದೆ. ಅದೊಂದೇ ಸರಿ ಉತ್ತರವಂತೆ. ನಾನಿದ್ದದ್ದು ಬೆಂಗಳೂರಿನ ಆಸ್ಪತ್ರೆಯಲ್ಲಿ. ಬಂದು ಮೂರು ವಾರ ಆಗಿತ್ತು. ಅದೇ ಪ್ರಶ್ನೆಗಳನ್ನು ಅವರು ಅದಕ್ಕೂ ಮುಂಚೆ ಆರು ದಿನ ಕೇಳಿದ್ದರಂತೆ. ಏಳನೇ ಸಲದ್ದು ಮಾತ್ರ ನನ್ನ ತಲೆಯಲ್ಲಿ ಉಳಿದಿದೆ.

ಅದಕ್ಕೆ ಗಾಲ್ವೆಸ್ಟನ್ ಪರೀಕ್ಷೆ ಅಂತ ಹೆಸರು. 100 ಅಂಕದ್ದು. 75ರ ಮೇಲೆ ಬಂದು, ಅಲ್ಲೇ ನಿಂತರೆ ನೆನಪು ಮತ್ತೆ ಕೂಡಿಕೊಳ್ಳುತ್ತಿದೆ ಅಂತ ಲೆಕ್ಕ. ಪೆಟ್ಟು ಬಿದ್ದಾಗಿನಿಂದ ಅಲ್ಲಿಯವರೆಗೆ ಎಷ್ಟು ದಿನ ಹೋಯ್ತು ಅನ್ನೋದರ ಮೇಲೆ ಪೆಟ್ಟು ಎಷ್ಟು ಜೋರಿನದು ಅಂತ ಅಂದಾಜು ಮಾಡುತ್ತಾರೆ. ಒಂದು ದಿನ ದಾಟಿದರೇ ಜೋರು. ನನ್ನದು ನಾಲ್ಕು ವಾರ ಮುಟ್ಟಿತು.

ಪೆಟ್ಟಿನ ಕಥೆ ದೊಡ್ಡದೇನಲ್ಲ. ಅರಸೀಕೆರೆ ರಸ್ತೆಯಲ್ಲಿ ಬೈಕಿಗೆ ನಾಯಿ ಅಡ್ಡ ಬಂತು. ಹೆಲ್ಮೆಟ್ ಇತ್ತು, ಪೆಟ್ರೋಲ್ ಟ್ಯಾಂಕಿನ ಮೇಲೆ. ಹಣೆಯ ಹಿಂದಿನ ಮಿದುಳಿಗೆ ಏಟು, ಒಳಗೆ ರಕ್ತ, ಆಪರೇಷನ್. ಇದರಲ್ಲಿ ಒಂದೂ ನನಗೆ ನೆನಪಿಲ್ಲ. ಹಾಗಾಗಿ ಈ ಬರಹದಲ್ಲಿ ಅರ್ಧ ನನ್ನದು, ಅರ್ಧ ನನ್ನ ಹೆಂಡತಿಯ ನೋಟ್‌ಬುಕ್ಕಿನದು. ಎರಡೂ ಒಂದೇ ಮಾತು ಹೇಳದ ಕಡೆ ಅವಳದ್ದನ್ನೇ ನಂಬಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಫೈಲಿನ ಮೊದಲ ಹಾಳೆಯಲ್ಲಿ "ಇ2 ವಿ1 ಎಂ4" ಅಂತ ಬರೆದಿದೆ. ನೋವು ಮಾಡಿದರೆ ಕಣ್ಣು ಬಿಡ್ತಾನೆ, ಬಾಯಲ್ಲಿ ಸದ್ದಿಲ್ಲ, ಚಿವುಟಿದರೆ ಕೈ ಹಿಂದಕ್ಕೆ ಎಳೆದುಕೊಳ್ತಾನೆ ಅಂತ ಅರ್ಥ. ಕೂಡಿದರೆ 7. ಗ್ಲಾಸ್ಗೋದ ಇಬ್ಬರು ಡಾಕ್ಟರು, ಟೀಸ್‌ಡೇಲ್ ಮತ್ತು ಜೆನೆಟ್, 1974ರಲ್ಲಿ ಮಾಡಿದ ಲೆಕ್ಕ ಇದು. ಒಟ್ಟು 15. ಹದಿನೈದಕ್ಕೆ ಏಳು ಬಂದಿದೆ, ಪರವಾಗಿಲ್ಲ, ಪಾಸು ಅಂದುಕೊಂಡೆ. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನಿಗೆ ಬೇರೆ ಏನು ಹೊಳೆಯುತ್ತದೆ? ಆಮೇಲೆ ತಿಳಿಯಿತು, ಇದರಲ್ಲಿ ಸೊನ್ನೆಯೇ ಇಲ್ಲ. ಕಲ್ಲಿನ ಹಾಗೆ ಬಿದ್ದಿದ್ದರೂ 3 ಕೊಡುತ್ತಾರೆ. 8 ಮತ್ತು ಅದಕ್ಕಿಂತ ಕೆಳಗೆ ಇದ್ದರೆ ಕೋಮಾ.

ಬದುಕಿದೆನಾ ಇಲ್ವಾ ಅನ್ನೋದರ ಲೆಕ್ಕ ಅದು. ನಾನು ಹೇಳಬೇಕು ಅಂತ ಕೂತದ್ದು ಅದರ ನಂತರದ್ದು: ಬದುಕಿದವನು ತನ್ನ ಕೆಲಸ ತಾನು ಎಷ್ಟು ಮಾಡಿಕೊಳ್ತಾನೆ ಅನ್ನೋದನ್ನು ಹೇಗೆ ಅಳೆಯುತ್ತಾರೆ ಅಂತ. ಎರಡು ವರ್ಷ ನನ್ನನ್ನು ಅಳೆದರು. ಕಡೆಕಡೆಗೆ ನನಗೂ ಅದರಲ್ಲಿ ಆಸಕ್ತಿ ಬಂತು.

ವಾರ್ಡಿನಲ್ಲಿ ಮೊದಲು ಬಂದದ್ದು ಬಾರ್ಥೆಲ್ ಇಂಡೆಕ್ಸ್. ಅಮೆರಿಕದ ಮೇರಿಲ್ಯಾಂಡಿನಲ್ಲಿ ಮಹೋನಿ ಅನ್ನೋ ಡಾಕ್ಟರೂ ಬಾರ್ಥೆಲ್ ಅನ್ನೋ ಫಿಸಿಯೋಥೆರಪಿಸ್ಟೂ ಸೇರಿ 1965ರಲ್ಲಿ ಪ್ರಕಟಿಸಿದ್ದು. ಹತ್ತೇ ಪ್ರಶ್ನೆ. ಊಟ, ಸ್ನಾನ, ಮುಖ ತೊಳೆಯೋದು, ಬಟ್ಟೆ, ಮಲ, ಮೂತ್ರ, ಕಕ್ಕಸಿಗೆ ಹೋಗೋದು, ಹಾಸಿಗೆಯಿಂದ ಕುರ್ಚಿಗೆ ಬರೋದು, ನಡೆಯೋದು, ಮೆಟ್ಟಿಲು. ಐದೈದರ ಹೆಜ್ಜೆಯಲ್ಲಿ ಅಂಕ. ಒಟ್ಟು 100.

ನನಗೆ ಮೊದಲ ಸಲ ಬಂದದ್ದು 20. ಊಟಕ್ಕೆ 5, ಬಟ್ಟೆಗೆ 5, ಮಲಕ್ಕೆ 5, ಕುರ್ಚಿಗೆ ಬರೋದಕ್ಕೆ 5. ಉಳಿದದ್ದೆಲ್ಲ ಸೊನ್ನೆ. ಸ್ನಾನದ ವಿಷಯ ಭಾರೀ ಕಟ್ಟುನಿಟ್ಟು. ಪೂರ್ತಿ ತಾನೇ ಮಾಡಿದರೆ 5, ಇಲ್ಲದಿದ್ದರೆ ಸೊನ್ನೆ, ಮಧ್ಯ ಏನೂ ಇಲ್ಲ. ಬೆನ್ನಿಗೆ ಒಬ್ಬರು ನೀರು ಹಾಕಿದರೂ ಸೊನ್ನೆ. ನಮ್ಮೂರಲ್ಲಿ ಹಬ್ಬದ ದಿನ ಎಣ್ಣೆಸ್ನಾನ ಮಾಡಿಸಿಕೊಂಡ ಗಂಡಸರಿಗೆಲ್ಲ ಸೊನ್ನೆಯೇ ಹಾಗಾದರೆ ಅಂದೆ. ಮೇಡಂ ನಕ್ಕರು. ಅಂಕ ಮಾತ್ರ ಕೊಡಲಿಲ್ಲ.

ಊಟದ ಪ್ರಶ್ನೆ ಇನ್ನೂ ಚೆನ್ನಾಗಿತ್ತು. ಬ್ರೆಡ್ಡಿಗೆ ಬೆಣ್ಣೆ ಸವರಲು ಸಹಾಯ ಬೇಕಾ ಅಂತ ಅದರಲ್ಲಿದೆ. ನಮ್ಮ ಮನೆಯಲ್ಲಿ ಬ್ರೆಡ್ ಬರೋದು ಯಾರಿಗಾದರೂ ಜ್ವರ ಬಂದಾಗ. ಮೇಡಂ ನನ್ನ ಹೆಂಡತಿಯನ್ನು ಕೇಳಿದರು, "ಮನೇಲಿ ದಿನಾ ಏನು ಊಟ?" ರಾಗಿಮುದ್ದೆ, ಸಾರು ಅಂದಳು. "ಹಾಗಾದ್ರೆ ಮುದ್ದೆ ತಾನೇ ಮುರಿದು, ಉಂಡೆ ಮಾಡಿ, ಸಾರಲ್ಲಿ ಅದ್ದಿ, ನುಂಗ್ತಾರಾ ಅಂತ ನೋಡೋಣ" ಅಂದರು. ನನ್ನ ಬಲಗೈ ಬೆರಳುಗಳು ಆಗ ಸರಿಯಾಗಿ ಮಡಚುತ್ತಿರಲಿಲ್ಲ. ಚಮಚದಲ್ಲಿ ಕೊಟ್ಟರೆ ಉಪ್ಪಿಟ್ಟು ತಿನ್ನುತ್ತಿದ್ದೆ, ಮುದ್ದೆ ಮುರಿಯಲು ಆಗುತ್ತಿರಲಿಲ್ಲ. ಮುದ್ದೆ ಮುರಿದ ದಿನ ಊಟಕ್ಕೆ 10 ಬಂತು. ಅದು ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿದೆ.

ಮೆಟ್ಟಿಲಿನ ಕಥೆ ಬೇರೆ. ನಮ್ಮದು ಹೆಂಚಿನ ಮನೆ, ಮಹಡಿ ಇಲ್ಲ. ಬಾಗಿಲ ಮುಂದೆ ಎರಡು ಮೆಟ್ಟಿಲು, ಅಷ್ಟೇ. ನನ್ನ ಮೆಟ್ಟಿಲಿನ ಅಂಕವೆಲ್ಲ ಆಸ್ಪತ್ರೆಯ ಮೆಟ್ಟಿಲಿನದು. ಆದರೆ ಮನೆಯಲ್ಲಿರುವ ನೆಲದ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂತು ಏಳೋದಕ್ಕೆ ಆ ಹಾಳೆಯಲ್ಲಿ ಬೇರೆ ಜಾಗವೇ ಇಲ್ಲ. ಎದ್ದೇಳಲು ಆಗದೆ ನಾನು ಒದ್ದಾಡಿದ್ದು ಅಲ್ಲೇ, ಮೆಟ್ಟಿಲ ಮೇಲಲ್ಲ. ಮೇಡಂ ಅದನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡರು. ಗೋಡೆಗೆ ಸ್ಟೀಲಿನ ಹಿಡಿ ಹಾಕಿಸಿ ಅಂತ ಹೇಳಿದ್ದೂ ಅವರೇ.

ಡಿಸ್ಚಾರ್ಜ್ ದಿನ 70 ಇತ್ತು. ಒಂದು ತಿಂಗಳು ಬಿಟ್ಟು ತೋರಿಸಲು ಹೋದಾಗ 55ಕ್ಕೆ ಇಳಿದಿತ್ತು.

ಎಲ್ಲರಿಗೂ ಗಾಬರಿ. ಮತ್ತೆ ಸ್ಕ್ಯಾನ್ ಮಾಡಬೇಕಾ ಅಂತ ಹೆಂಡತಿ ಕೇಳಿದಳು. ಮೇಡಂ ಮಾತ್ರ ಗಾಬರಿಯಾಗಲಿಲ್ಲ. ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ಮನೇಲಿ ಊಟ ಹೇಗೆ ಮಾಡ್ತಾರೆ? ಅಮ್ಮ ಕಲೆಸಿ ಬಾಯಿಗೆ ಕೊಡ್ತಾರೆ. ಮುಖ ತೊಳೆಯೋದು? ಅಮ್ಮ ಒದ್ದೆ ಬಟ್ಟೆಯಲ್ಲಿ ಒರೆಸ್ತಾರೆ. ಶರಟು? ನಾನೇ ಹಾಕ್ತೀನಿ, ಅವರು ಹಾಕ್ಕೊಳ್ಳೋಕೆ ಕಾಲು ಗಂಟೆ ಬೇಕು, ಸ್ಕೂಲ್ ಬಸ್ ಬರುತ್ತೆ, ಮಗಳ ಜಡೆ ಬೇರೆ ಹಾಕಬೇಕು.

ಹದಿನೈದು ಅಂಕ ಹೋದದ್ದು ಹಾಗೆ. ಊಟದಲ್ಲಿ ಐದು, ಮುಖದಲ್ಲಿ ಐದು, ಬಟ್ಟೆಯಲ್ಲಿ ಐದು. ನನ್ನ ಮಿದುಳು ಹಿಂದೆ ಹೋಗಿರಲಿಲ್ಲ. ಮನೆಯವರು ಮುಂದೆ ಬಂದಿದ್ದರು.

"ಇದರ ನಿಯಮ ಒಂದೇ" ಅಂದರು ಮೇಡಂ. "ಮಾಡಬಲ್ಲರಾ ಅಂತ ನೋಡಲ್ಲ. ಮಾಡ್ತಾರಾ ಅಂತ ನೋಡೋದು."

ಈ ಮಾತಿನ ಮೇಲೆ ನಾನು ಬಹಳ ದಿನ ಯೋಚನೆ ಮಾಡಿದ್ದೇನೆ. ಕನ್ನಡದಲ್ಲಿ ಇದಕ್ಕೆ ಇನ್ನೊಂದು ರೂಪವೂ ಇದೆ, ಅಲ್ವಾ? ಮಾಡಬಲ್ಲ, ಮಾಡ್ತಾನೆ, ಮಾಡಿಸಿದ್ರೆ ಮಾಡ್ತಾನೆ. ನನ್ನ ಎರಡು ವರ್ಷವೆಲ್ಲ ಆ ಮೂರನೆಯದರಲ್ಲೇ ಕಳೆಯಿತು.

ಅಮ್ಮನಿಗೆ ಹೇಳೋದು ಕಷ್ಟವಾಯಿತು. ಸತ್ತು ಬದುಕಿದ ಮಗನಿಗೆ ತುತ್ತು ಕೊಡಬೇಡ ಅಂದರೆ ಯಾವ ತಾಯಿ ಕೇಳ್ತಾಳೆ? "ನೀವು ಓದಿದೋರು ಅಳತೆ ಮಾಡ್ಕೊಳ್ಳಿ, ಮಗಾ ನೀನು ಬಾಯಿ ತೆಗಿ" ಅನ್ನೋಳು. ಕೊನೆಗೆ ಹೆಂಡತಿ ಒಂದು ಉಪಾಯ ಮಾಡಿದಳು. ಊಟದ ಹೊತ್ತಿಗೆ ಅಮ್ಮನನ್ನು ಕಾಯಿ ತುರಿಯಲು ಕೂರಿಸಿಬಿಡುವುದು. ತೆಂಗಿನ ಸೀಮೆಯಲ್ಲಿ ಕಾಯಿಗೇನು ಬರ? ಆ ಎರಡು ತಿಂಗಳು ನಮ್ಮ ಮನೆಯ ಸಾರು, ಪಲ್ಯ, ಚಟ್ನಿ ಎಲ್ಲದರಲ್ಲೂ ಕಾಯಿ ಜಾಸ್ತಿ.

ನೋಟ್‌ಬುಕ್ ಶುರುವಾದದ್ದೂ ಆಗಲೇ. ಮಗಳ ಹಳೆಯ ಇನ್ನೂರು ಪುಟದ ಪುಸ್ತಕ. ಹೆಂಡತಿ ಸ್ಕೇಲ್ ಇಟ್ಟು ಮೂರು ಕಾಲಂ ಹಾಕಿದಳು. "ತಾನಾಗೇ", "ಹೇಳಿದ ಮೇಲೆ", "ನಾನು ಮಾಡಿದ್ದು". ಪ್ರತಿ ದಿನ ರಾತ್ರಿ ಗೀಟು ಹಾಕೋಳು. ನಾನು ಎಷ್ಟೋ ಫಾರಂ ನೋಡಿದ್ದೇನೆ. ಅದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ.

ಐದನೇ ತಿಂಗಳು ಊರಿನ ಹತ್ತಿರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಬಾರ್ಥೆಲ್ ಮತ್ತೆ ಮಾಡಿದರು. 100! ನೂರಕ್ಕೆ ನೂರು. ನಾನು ಬರುವಾಗ ಅರ್ಧ ಕೆಜಿ ಮೈಸೂರುಪಾಕು ತಂದೆ. ತಂದೆ ಅಂದರೆ, ಅಂಗಡಿ ಮುಂದೆ ಆಟೋ ನಿಲ್ಲಿಸಿ ಹೆಂಡತಿ ತಂದಳು. ಸೋಮವಾರದಿಂದಲೇ ಸ್ಕೂಲಿಗೆ ಹೋಗ್ತೀನಿ ಅಂತ ಹೆಡ್‌ಮಾಸ್ಟರಿಗೆ ಫೋನೂ ಮಾಡಿಬಿಟ್ಟೆ.

ಆ ದಿನದ ನೋಟ್‌ಬುಕ್ ಪುಟ ನನ್ನ ಮುಂದೆ ಇದೆ. "ತಾನಾಗೇ" ಕಾಲಂ ಪೂರ್ತಿ ಖಾಲಿ. "ಹೇಳಿದ ಮೇಲೆ" ಕಾಲಂನಲ್ಲಿ ಹನ್ನೊಂದು ಗೀಟು. ಕೆಳಗೆ ಒಂದು ಸಾಲು: "ಸ್ನಾನಕ್ಕೆ ಹೋಗಿ ಅಂದೆ. ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಜಗಲಿ ಮೇಲೆ ಮುಕ್ಕಾಲು ಗಂಟೆ ಕೂತಿದ್ರು."

ಇದು ನನಗೆ ಸ್ವಲ್ಪವೂ ಗೊತ್ತಿರಲಿಲ್ಲ. ಸುಳ್ಳು ಹೇಳ್ತಿರಲಿಲ್ಲ, ಮುಚ್ಚಿಡ್ತಿರಲೂ ಇಲ್ಲ. ಕ್ಲಿನಿಕ್ಕಿನಲ್ಲಿ ಕೇಳಿದ್ದು ನನ್ನೊಬ್ಬನನ್ನೇ. ಸ್ನಾನ ನೀವೇ ಮಾಡ್ತೀರಾ? ಹೌದು. ಬಟ್ಟೆ? ಹೌದು. ಎಲ್ಲದಕ್ಕೂ ಹೌದು. ಕಟ್ಟುನಿಟ್ಟಾಗಿ ನೋಡಿದರೆ ಬಾರ್ಥೆಲ್ ನಿಯಮದಲ್ಲಿ ಪಕ್ಕದಲ್ಲಿ ಒಬ್ಬರು ನೋಡಿಕೊಳ್ಳುತ್ತಾ ಇರಬೇಕಾದರೆ ಅದು ಸ್ವತಂತ್ರ ಅಲ್ಲ. ಹತ್ತು ಸಲ ಹೇಳಬೇಕಾದರೂ ಹಾಗೇ ಅಂತ ನನ್ನ ವಾದ. ಆದರೆ ಹೇಳುವವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ಇನ್ನೊಂದು ಮಾತು. 100 ಬಂದರೆ ಒಬ್ಬನೇ ಬದುಕಬಲ್ಲ ಅಂತ ಅರ್ಥವಲ್ಲ, ಅಡುಗೆ, ಮನೆ, ಜನರ ಜೊತೆ ವ್ಯವಹಾರ ಇವೆಲ್ಲ ಆಗದೇ ಇರಬಹುದು ಅಂತ ಅದನ್ನು ಮಾಡಿದವರೇ 1965ರಲ್ಲೇ ಬರೆದಿಟ್ಟಿದ್ದಾರೆ. ನಾವು ಅಂಕ ನೋಡ್ತೀವಿ, ಟಿಪ್ಪಣಿ ಓದಲ್ಲ.

ಬೆಂಗಳೂರಿನ ಮೇಡಂಗೆ ಮೈಸೂರುಪಾಕು ಕೊಟ್ಟೆ. ತಿಂದರು. ಆಮೇಲೆ "ಬನ್ನಿ ಮೇಷ್ಟ್ರೇ, ನಮಗೊಂದು ಕಾಫಿ ಮಾಡಿಕೊಡಿ" ಅಂತ ಒಳಗೆ ಕರೆದುಕೊಂಡು ಹೋದರು.

ಅವರ ವಿಭಾಗದಲ್ಲಿ ಒಂದು ಪುಟ್ಟ ಅಡುಗೆಮನೆ ಇದೆ. ಗ್ಯಾಸು, ಸಿಂಕು, ಡಬ್ಬಿಗಳು, ಎಲ್ಲ ಮನೆಯ ಹಾಗೆ. ಹಾಲು, ಸಕ್ಕರೆ, ಕಾಫಿಪುಡಿ ಮೇಲೇ ಇಟ್ಟಿದ್ದರು. ಅವರು ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ಮಾತಾಡಲ್ಲ ಅಂದರು.

ನಾನು ಪಾತ್ರೆಗೆ ಹಾಲು ಹಾಕಿದೆ. ಒಲೆಯ ಮೇಲಿಟ್ಟೆ. ಗ್ಯಾಸ್ ತಿರುಗಿಸಿದೆ. ಲೈಟರ್ ಕಾಣಲಿಲ್ಲ, ಡ್ರಾಯರಿನಲ್ಲಿ ಹುಡುಕಿದೆ. ಡ್ರಾಯರಿನಲ್ಲಿ ಚಮಚ ಸಿಕ್ಕಿತು. ಚಮಚ ಸಿಕ್ಕಿದ ಮೇಲೆ ಸಕ್ಕರೆ ನೆನಪಾಯಿತು. ಲೋಟಕ್ಕೆ ಸಕ್ಕರೆ ಹಾಕಿದೆ. ಸಿಂಕಿನಲ್ಲಿ ಒಂದು ಲೋಟ ಇತ್ತು, ತೊಳೆದಿಟ್ಟೆ. ಮೇಡಂ ಎದ್ದು ಬಂದು ಗ್ಯಾಸ್ ಆರಿಸಿದರು. ಕಿಟಕಿ ಮೊದಲೇ ತೆಗೆದಿತ್ತು. ನನಗೆ ವಾಸನೆಯೇ ಬಂದಿರಲಿಲ್ಲ. ತಲೆಗೆ ಏಟು ಬಿದ್ದವರಲ್ಲಿ ವಾಸನೆ ಹೋಗೋದು ಉಂಟು, ನನ್ನದು ಹೋಗಿದೆ ಅಂತ ಗೊತ್ತಾದದ್ದೇ ಅವತ್ತು. ಆರು ತಿಂಗಳು ಸಾರಿನ ರುಚಿ ಯಾಕೆ ಸಪ್ಪೆ ಅಂತ ಹೆಂಡತಿಯ ಮೇಲೆ ಹಾರಾಡಿದ್ದೆ.

"ಒಂದೊಂದು ಹೆಜ್ಜೆಯೂ ನಿಮಗೆ ಬರುತ್ತೆ" ಅಂದರು ಮೇಡಂ. "ಕೈಗೆ ಗೊತ್ತು. ಆದ್ರೆ ಒಂದರ ಹಿಂದೆ ಒಂದು ಇಡೋಕೆ ಆಗ್ತಿಲ್ಲ." ಒಂದು ಲೆಕ್ಕದ ಸಾಲುಗಳೆಲ್ಲ ಸರಿಯಿದ್ದು, ಹಿಂದುಮುಂದಾದರೆ ಏನಾಗುತ್ತದೆ ಅಂತ ನನಗೆ ಬೇರೆಯವರು ಹೇಳಬೇಕಿಲ್ಲ. ಅವತ್ತು ವಾಪಸ್ ಬರುವಾಗ ರೈಲಿನಲ್ಲಿ ನಾನು ಮಾತಾಡಲಿಲ್ಲ.

ಮುಂದಿನ ಸಲ ಫಿಮ್ ಅನ್ನೋ ಅಳತೆ ಮಾಡಿದರು. ಹದಿನೆಂಟು ಬಾಬತ್ತು. ಹದಿಮೂರು ಮೈಯದ್ದು, ಐದು ತಲೆಯದ್ದು. ಒಂದೊಂದಕ್ಕೆ 1ರಿಂದ 7. ಪೂರ್ತಿ ಬೇರೆಯವರ ಕೈಯಲ್ಲೇ ಆಗಬೇಕಾದರೆ 1. ಯಾವ ಆಸರೆಯೂ ಇಲ್ಲದೆ, ಅಪಾಯವಿಲ್ಲದೆ, ಹೊತ್ತಿಗೆ ಸರಿಯಾಗಿ ತಾನೇ ಮಾಡಿದರೆ 7. ಕೋಲೋ, ಗೋಡೆಯ ಹಿಡಿಯೋ ಬಳಸಿದರೆ 6. ಯಾರೂ ಮುಟ್ಟಬೇಕಿಲ್ಲ, ಆದರೆ ಪಕ್ಕದಲ್ಲಿ ನಿಂತಿರಬೇಕು, ಹೇಳುತ್ತಿರಬೇಕು ಅಂದರೆ 5. ಅಬ್ಬಾ, ನನ್ನ ಹೆಂಡತಿ ಕೊನೆಗೂ ಒಂದು ಫಾರಂನಲ್ಲಿ ಕಾಣಿಸಿಕೊಂಡಳು ಅನ್ನಿಸಿತು. ಆ 5 ಅಂದರೆ ಅವಳೇ.

ಅವತ್ತಿನ ಹೊತ್ತಿಗೆ ಸ್ನಾನ, ಬಟ್ಟೆ ತಾನಾಗೇ ಆಗುತ್ತಿದ್ದವು. ಬಚ್ಚಲ ಕನ್ನಡಿಗೆ ಅಂಟಿಸಿದ ಚೀಟಿ, ದಿನಾ ಅದೇ ಹೊತ್ತು, ಅದೇ ಕ್ರಮ. ಮೈಯ ಹದಿಮೂರರಲ್ಲಿ 91ಕ್ಕೆ 88. ತಲೆಯ ಐದರಲ್ಲಿ 35ಕ್ಕೆ 21. ಮಾತು ಅರ್ಥ ಮಾಡಿಕೊಳ್ಳೋದು 6, ಹೇಳೋದು 6, ಜನರ ಜೊತೆ ಇರೋದು 4, ನೆನಪು 3, ತೊಂದರೆ ಬಂದರೆ ಪರಿಹಾರ ಹುಡುಕೋದು 2. ಕೂಡಿದರೆ 126ಕ್ಕೆ 109. ಶೇಕಡ 86ರ ಮೇಲೆ! ಡಿಸ್ಟಿಂಕ್ಷನ್.

ಇಲ್ಲಿ ಗಣಿತದ ಮೇಷ್ಟ್ರು ಸುಮ್ನೆ ಇರಲು ಆಗಲಿಲ್ಲ. ಮೆಟ್ಟಿಲು ಹತ್ತೋದರ ಒಂದು ಅಂಕವೂ, ತೊಂದರೆ ಬಿಡಿಸೋದರ ಒಂದು ಅಂಕವೂ ಒಂದೇ ತೂಕವಾ? ಇವನ್ನು ಕೂಡೋದೇ ತಪ್ಪಲ್ವಾ? ತೆಂಗಿನಕಾಯಿ, ಸಾಸಿವೆ ಎರಡನ್ನೂ ಎಣಿಸಿ ಒಟ್ಟು ಇಷ್ಟು ಅಂದ ಹಾಗೆ. ಮೇಡಂ ಒಪ್ಪಿದರು. ಅದಕ್ಕೇ ಮೈಯದ್ದು, ತಲೆಯದ್ದು ಬೇರೆ ಬೇರೆ ಇಟ್ಟು ನೋಡಬೇಕು, ಒಟ್ಟು ಮೊತ್ತ ನೋಡಿ ಖುಷಿಪಡಬಾರದು ಅಂದರು. ಆಮೇಲೆ, "ಹೀಗೆ ವಾದ ಮಾಡ್ತೀರಲ್ಲ, ಇದು ನಿಮ್ಮ ಒಳ್ಳೆ ಲಕ್ಷಣ" ಅಂದರು. ಅದಕ್ಕೆ ಅಂಕ ಎಲ್ಲಿ ಅಂತ ಕೇಳಿದೆ.

ಅದೇ ಮಧ್ಯಾಹ್ನ ಇನ್ನೊಂದು ಹಾಳೆ ಕೊಟ್ಟರು. ಅಲ್ಲ, ಎರಡು. ಒಂದು ನನಗೆ, ಒಂದು ಹೆಂಡತಿಗೆ. ನಮ್ಮಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರು. ಅದೇ ಮೂವತ್ತು ಪ್ರಶ್ನೆ ಇಬ್ಬರಿಗೂ. ಹಣದ ಲೆಕ್ಕ ಇಡೋದು, ಹೇಳಿದ ಹೊತ್ತಿಗೆ ಹೋಗೋದು, ಅಡುಗೆ ಮಾಡಿಕೊಳ್ಳೋದು, ಸಿಟ್ಟು ಬಂದಾಗ ತಡೆದುಕೊಳ್ಳೋದು. ಆಗೋದೇ ಇಲ್ಲ ಅಂದರೆ 1, ಸಲೀಸು ಅಂದರೆ 5. ಪ್ರಿಗಟಾನೋ ಅನ್ನೋ ಮನಶ್ಶಾಸ್ತ್ರಜ್ಞರ ಹೆಸರಿನ ಜೊತೆ ಬರುವ ಅಳತೆ ಇದು, 1986ರದ್ದು. ಇದರ ತಿರುಳು ನನ್ನ ಉತ್ತರದಲ್ಲೂ ಇಲ್ಲ, ಅವಳ ಉತ್ತರದಲ್ಲೂ ಇಲ್ಲ. ಎರಡರ ಮಧ್ಯದ ಅಂತರದಲ್ಲಿದೆ.

ನನಗೆ ನಾನು ಕೊಟ್ಟುಕೊಂಡದ್ದು 138. ಅವಳು ನನಗೆ ಕೊಟ್ಟದ್ದು 91.

ಸಿಟ್ಟಿನ ಪ್ರಶ್ನೆಗೆ ನಾನು 5 ಹಾಕಿದ್ದೆ, ಅವಳು 1. ಅದನ್ನು ನೋಡಿ ಅಲ್ಲೇ ಕೂಗಾಡಿದೆ. ಕೂಗಾಡುತ್ತಿದ್ದೇನೆ ಅಂತ ಅರ್ಧದಲ್ಲಿ ನನಗೇ ಗೊತ್ತಾಯಿತು. ಮೇಡಂ ಏನೂ ಹೇಳಲಿಲ್ಲ, ಹೆಂಡತಿಯೂ ಹೇಳಲಿಲ್ಲ. ಇಬ್ಬರೂ ಗೋಡೆ ನೋಡುತ್ತಿದ್ದರು. ನಾನು ಕೂತುಕೊಂಡೆ. ಹಣೆಯ ಹಿಂದಿನ ಭಾಗಕ್ಕೆ ಏಟು ಬಿದ್ದರೆ, ತನಗೇನಾಗಿದೆ ಅಂತ ನೋಡಿಕೊಳ್ಳುವ ಕಣ್ಣಿಗೇ ಏಟು ಬಿದ್ದ ಹಾಗಂತೆ. ಕನ್ನಡಕ ಕಳೆದುಕೊಂಡವನು ಕನ್ನಡಕ ಹುಡುಕಲು ಕನ್ನಡಕವೇ ಬೇಕು, ಹಾಗೆ. ಅವತ್ತಿನಿಂದ ನನ್ನ ಬಗ್ಗೆ ಯಾರು ಏನು ಕೇಳಿದರೂ, "ಇವಳನ್ನು ಕೇಳಿ" ಅನ್ನೋದು ಅಭ್ಯಾಸವಾಯಿತು. ಒಂದು ವರ್ಷ ಅದಾದ ಮೇಲೆ ಮತ್ತೆ ಆ ಹಾಳೆ ತುಂಬಿದಾಗ ಅಂತರ ಒಂಬತ್ತಕ್ಕೆ ಇಳಿದಿತ್ತು. ಅವಳು ಕೊಟ್ಟ ಅಂಕ ಏರಿತ್ತು, ನಾನು ಕೊಟ್ಟುಕೊಂಡದ್ದು ಇಳಿದಿತ್ತು. ನನ್ನ ಅಂಕ ಇಳಿದದ್ದಕ್ಕೆ ಎಲ್ಲರೂ ಸಂತೋಷಪಟ್ಟದ್ದು ಅದೊಂದೇ ಸಲ.

ಸರ್ಟಿಫಿಕೇಟಿನ ವಿಷಯ ಬೇಗ ಮುಗಿಸುತ್ತೇನೆ, ಈಗಲೂ ಬೇಜಾರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆ ಇವೆ. ತಲೆಗೆ ಏಟು ಅಂತ ಬೇರೆ ಸಾಲು ಇಲ್ಲ. ಹಾಗಾಗಿ ಕೈ ಹಿಂಡಿ ನೋಡಿದರು, ಕಾಲು ಎತ್ತಿಸಿದರು, ನಡೆಸಿದರು. ಎಲ್ಲ ಚೆನ್ನಾಗಿತ್ತು. ಬಹುತೇಕ ಸೌಲಭ್ಯಗಳಿಗೆ ಶೇಕಡ 40 ಬೇಕು. ನನಗೆ ಅದರ ಹತ್ತಿರಕ್ಕೂ ಬರಲಿಲ್ಲ. "ಮೇಷ್ಟ್ರು ಗಟ್ಟಿಮುಟ್ಟಾಗಿದ್ದಾರಲ್ಲ, ದೇವರು ದೊಡ್ಡವನು" ಅಂದರು ಒಬ್ಬರು. ಹೆಂಡತಿ ನೋಟ್‌ಬುಕ್ ತೋರಿಸಲು ಹೋದಳು. ಅದು ಅಲ್ಲಿ ನಡೆಯಲ್ಲ.

ಗ್ಲಾಸ್ಗೋ ಅಂದೆನಲ್ಲ, ಅಲ್ಲಿಂದಲೇ ಇನ್ನೊಂದು ಅಳತೆ ಬಂದಿದೆ. 1975ರಲ್ಲಿ ಜೆನೆಟ್ ಮತ್ತು ಬಾಂಡ್ ಮಾಡಿದ ಔಟ್‌ಕಮ್ ಸ್ಕೇಲ್. ಆಮೇಲೆ ಅದನ್ನು ಎಂಟು ಮೆಟ್ಟಿಲಿಗೆ ಹಿಗ್ಗಿಸಿದರು. 1 ಅಂದರೆ ಸಾವು, 8 ಅಂದರೆ ಹೆಚ್ಚುಕಡಿಮೆ ಮೊದಲಿನ ಹಾಗೆ. ನನಗೆ ಎಲ್ಲದಕ್ಕಿಂತ ಇಷ್ಟವಾದದ್ದು ಇದೇ, ಯಾಕಂದರೆ ಇದು ಕೂಡುವುದಿಲ್ಲ, ಸರಾಸರಿಯನ್ನೂ ತೆಗೆಯುವುದಿಲ್ಲ. ಮನೆ, ಅಂಗಡಿ, ಓಡಾಟ, ಕೆಲಸ, ಗೆಳೆಯರು, ಸಂಸಾರ, ಒಂದೊಂದನ್ನೂ ಕೇಳಿ, ಎಲ್ಲದಕ್ಕಿಂತ ಕೆಳಗಿನದು ಯಾವುದೋ ಅದನ್ನೇ ಒಟ್ಟು ಫಲಿತಾಂಶ ಅನ್ನುತ್ತದೆ. ಆರು ವಿಷಯದಲ್ಲಿ ಒಂದರಲ್ಲಿ ಫೇಲಾದರೂ ಫೇಲು, ನಮ್ಮ ಎಸ್ಸೆಸ್ಸೆಲ್ಸಿಯ ಹಾಗೆ. ಕಠಿಣ, ಆದರೆ ನಿಜ.

ಇದರಲ್ಲಿ ಗಂಟೆಯ ಲೆಕ್ಕ ಇದೆ. ಬೇಕಾದರೆ ಹಗಲಲ್ಲಿ ಎಂಟು ಗಂಟೆ ಒಬ್ಬನೇ ಮನೆಯಲ್ಲಿ ಇರಬಲ್ಲನಾ? ಇಲ್ಲ ಅಂದರೆ 3. ಇರಬಲ್ಲ, ಆದರೆ ಇಪ್ಪತ್ತನಾಲ್ಕು ಗಂಟೆ ಆಗಲ್ಲ ಅಂದರೆ 4. ಒಬ್ಬನೇ ಇರೋದು ಅಂದರೆ ಸುಮ್ನೆ ಮಂಚದ ಮೇಲೆ ಬಿದ್ದಿರೋದಲ್ಲ. ಯಾರೂ ಹೇಳದೆ ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಳ್ಳಬೇಕು, ತನಗೆ ಊಟ ಮಾಡಿಕೊಳ್ಳಬೇಕು, ಬಾಗಿಲಿಗೆ ಬಂದವರ ಜೊತೆ ಮಾತಾಡಿ ಕಳಿಸಬೇಕು, ಸಣ್ಣಪುಟ್ಟ ತೊಂದರೆ ಬಂದರೆ ನಿಭಾಯಿಸಬೇಕು.

"ಆಕ್ಸಿಡೆಂಟಿಗೆ ಮುಂಚೆ ಇದೆಲ್ಲ ತಾನೇ ಮಾಡ್ಕೊಳ್ತಿದ್ರಾ?" ಅಂತಲೂ ಒಂದು ಪ್ರಶ್ನೆ. ಮೊದಲೇ ಇಲ್ಲದ್ದನ್ನು ಏಟಿನ ಲೆಕ್ಕಕ್ಕೆ ಬರೆಯಬಾರದು ಅಂತ.

ಹೆಂಡತಿ ನಕ್ಕಳು. ಬಹಳ ಹೊತ್ತು ನಕ್ಕಳು. "ಮುಂಚೇನೂ ಒಂದು ಲೋಟ ನೀರು ತಾವಾಗಿ ತಗೊಂಡು ಕುಡಿದೋರಲ್ಲ ಮೇಡಂ. ಟವೆಲ್ ಎಲ್ಲಿ, ಪೆನ್ ಎಲ್ಲಿ, ಚಡ್ಡಿ ಎಲ್ಲಿ. ಹದಿನಾರು ವರ್ಷ ನಾನೇ ಕೊಟ್ಟಿದೀನಿ." ಮೇಡಂ ಪೆನ್ನು ಕೆಳಗಿಟ್ಟು ಅವರೂ ನಕ್ಕರು. ಆಮೇಲೆ ಒಂದು ವ್ಯತ್ಯಾಸ ಬಿಡಿಸಿ ಹೇಳಿದರು. ಮುಂಚೆ ಇವಳು ತವರಿಗೆ ಹೋದರೆ ನಾನು ಹೋಟೆಲಿಗೆ ಹೋಗಿಯಾದರೂ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆ. ಈಗ ಹಸಿವಾದರೂ ಯಾರಾದರೂ ಊಟಕ್ಕೆ ಬನ್ನಿ ಅನ್ನುವವರೆಗೆ ಕೂತಿರುತ್ತೇನೆ. ಮೊದಲನೆಯದು ಸೋಮಾರಿತನ, ಎರಡನೆಯದು ಏಟು. ಅಡುಗೆಮನೆ ನೋಡದ ಗಂಡಸರಿರುವ ನಾಡಿನಲ್ಲಿ ಈ ಎರಡನ್ನೂ ಬೇರೆ ಮಾಡಿ ಅಳೆಯುವುದು ಎಷ್ಟು ಕಷ್ಟ ಅಂತ ಅವರೇ ಹೇಳಿದರು. ನನ್ನ ಜೊತೆ ವಾರ್ಡಿನಲ್ಲಿದ್ದ ಒಬ್ಬ ಹೆಂಗಸಿಗೆ ಈ ಅನುಮಾನದ ಲಾಭವೇ ಇರಲಿಲ್ಲ. ಒಂದು ಸಾರಿಗೆ ಉಪ್ಪು ಮರೆತರೆ ಮನೆಯವರೆಲ್ಲ ಲೆಕ್ಕ ಇಡುತ್ತಿದ್ದರು.

ಈಗ, ಎರಡು ವರ್ಷದ ಮೇಲೆ, ನಾನು 6ರಲ್ಲಿದ್ದೇನೆ. ಸ್ಕೂಲಿಗೆ ಹೋಗ್ತೇನೆ, ಆದರೆ ದಿನಕ್ಕೆ ಎರಡೇ ಪಿರಿಯಡ್. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾದರೆ ಬೋರ್ಡಿನ ಮೇಲಿನ ಲೆಕ್ಕ ಕೈ ತಪ್ಪುತ್ತದೆ. ಮಕ್ಕಳಿಗೆ ಹೇಳಿದ್ದೇನೆ, "ನಾನು ನಿಂತುಬಿಟ್ಟರೆ ಕೊನೆಯ ಸಾಲು ಜೋರಾಗಿ ಓದಿ" ಅಂತ. ಓದುತ್ತಾರೆ. ಆದರೆ ನನಗೆ 6ಕ್ಕಿಂತ 4 ದೊಡ್ಡದು. 3ರಿಂದ 4ಕ್ಕೆ ಬಂದ ದಿನವನ್ನು ಹೇಳಿಬಿಡುತ್ತೇನೆ.

ಹನ್ನೊಂದನೇ ತಿಂಗಳು. ಅರಸೀಕೆರೆಯಲ್ಲಿ ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆ. ಅಮ್ಮನೂ ಮಗಳೂ ಜೊತೆಗೆ ಹೊರಟರು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಐದಕ್ಕೆ ಬರೋದು. ಸರಿಯಾಗಿ ಎಂಟು ಗಂಟೆ. ಗ್ಯಾಸಿನ ರೆಗ್ಯುಲೇಟರ್ ಆಫ್ ಮಾಡಿದಳು. ಅನ್ನ, ಸಾರು ಮಾಡಿ ಮುಚ್ಚಿಟ್ಟಳು. ಪಕ್ಕದ ಮನೆಯವರಿಗೆ ಹೇಳಿದಳು. ಫೋನು ಚಾರ್ಜಿಗೆ ಹಾಕಿ, ನನ್ನ ಮುಖ ನೋಡಿ, "ನಾನು ಫೋನ್ ಮಾಡಲ್ಲ ರೀ. ಮಾಡಿದ್ರೆ ಲೆಕ್ಕ ತಪ್ಪತ್ತೆ" ಅಂದಳು. ಮಾಡಬೇಕು ಅಂತ ಎಷ್ಟು ಆಸೆಯಿತ್ತೋ. ಮಂಟಪದಲ್ಲಿ ಧಾರೆ ಎರೆಯುವಾಗಲೂ ಫೋನ್ ಕೈಯಲ್ಲೇ ಇತ್ತಂತೆ.

ಹತ್ತು ಗಂಟೆಗೆ ಸ್ನಾನ ಆಯ್ತು. ಹನ್ನೊಂದೂವರೆಗೆ ಗ್ಯಾಸ್ ಸಿಲಿಂಡರ್ ಹುಡುಗ ಬಂದ. ಇದನ್ನು ಯಾರೂ ಹೇಳಿರಲಿಲ್ಲ! ಕಾರ್ಡ್ ಎಲ್ಲಿದೆ ಗೊತ್ತಿಲ್ಲ. ದುಡ್ಡು ಎಲ್ಲಿದೆ ಗೊತ್ತಿಲ್ಲ. ಎದೆ ಹೊಡೆದುಕೊಳ್ಳಲು ಶುರುವಾಯಿತು. ಮುಂಚಿನ ಹಾಗಾಗಿದ್ದರೆ ಅವನ ಮೇಲೆ ರೇಗಿ ಬಾಗಿಲು ಹಾಕಿಬಿಡುತ್ತಿದ್ದೆ. ಮೇಡಂ ಕಲಿಸಿದ್ದು ನೆನಪಾಯ್ತು, ಮೊದಲು ನಿಲ್ಲು, ಆಮೇಲೆ ಒಂದೇ ಒಂದು ಹೆಜ್ಜೆ ಯೋಚಿಸು. ನಿಂತೆ. "ಮನೇಲಿ ಇಲ್ಲಪ್ಪ, ನಾಳೆ ತರ್ತೀಯಾ?" ಅಂದೆ. "ಆಯ್ತು ಮೇಷ್ಟ್ರೇ" ಅಂದು ಹೋದ. ಅಷ್ಟೇ. ನಾನು ಜಗಲಿಯ ಮೇಲೆ ಕೂತು ಬಹಳ ಹೊತ್ತು ಬೀದಿ ನೋಡಿದೆ.

ಒಂದು ಗಂಟೆಗೆ ಫೋನಿನಲ್ಲಿ ಅಲಾರಂ ಬಡಿಯಿತು. ಹಿಂದಿನ ರಾತ್ರಿ ನಾನೇ ಇಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಎದ್ದು, ತಟ್ಟೆಗೆ ಅನ್ನ ಹಾಕಿಕೊಂಡು, ಸಾರು ಹಾಕಿಕೊಂಡು ಉಂಡೆ. ತಣ್ಣಗಿತ್ತು. ತಟ್ಟೆ ತೊಳೆದಿಟ್ಟೆ.

ಐದೂ ಕಾಲಿಗೆ ಬಂದರು. ಹೆಂಡತಿ ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ತಟ್ಟೆ ನೋಡಿದಳು. ನನ್ನ ತಲೆ ಮುಟ್ಟಿ ನೋಡಿದಳು, ಸ್ನಾನ ಆಗಿದೆಯಾ ಅಂತ. ರಾತ್ರಿ ನೋಟ್‌ಬುಕ್ ತೆಗೆದಾಗ ಜಗಳ ಶುರುವಾಯಿತು. ಊಟವನ್ನು "ತಾನಾಗೇ" ಕಾಲಂನಲ್ಲಿ ಬರೆಯಬೇಕು ಅಂತ ನಾನು. ಅಲಾರಂ ಹೊಡೆದ ಮೇಲೆ ಎದ್ದದ್ದಲ್ವಾ, "ಹೇಳಿದ ಮೇಲೆ"ಯೇ ಅದು ಅಂತ ಅವಳು. ಅಲಾರಂ ಇಟ್ಟದ್ದೇ ನಾನು ಅಂದೆ. ಹೇಳಿದ್ದು ಫೋನು ತಾನೆ ಅಂದಳು. ಫಿಮ್‌ನಲ್ಲಿ ಕೋಲು ಹಿಡಿದು ನಡೆದರೂ 6 ಕೊಡ್ತಾರೆ, 5 ಅಲ್ಲ, ಅಲಾರಂ ನನ್ನ ಕೋಲು ಅಂದೆ. ಅಮ್ಮ ಒಳಗಿನಿಂದ, "ಉಂಡಿದ್ದಾನೆ ತಾನೆ, ಮಲಕ್ಕೊಳ್ರೋ" ಅಂದಳು.

ಹೆಂಡತಿ ಸ್ವಲ್ಪ ಹೊತ್ತು ಪುಟ ನೋಡಿದಳು. ಆಮೇಲೆ ಮಗಳ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲ್ ತೆಗೆದು, ಮೊದಲನೇ ಕಾಲಂಗೂ ಎರಡನೇ ಕಾಲಂಗೂ ನಡುವೆ ಇನ್ನೊಂದು ಗೆರೆ ಎಳೆದು, ಮೇಲೆ ಸಣ್ಣ ಅಕ್ಷರದಲ್ಲಿ "ಫೋನ್ ಹೇಳಿದ ಮೇಲೆ" ಅಂತ ಬರೆದಳು. ಅದರ ಕೆಳಗೆ ಒಂದು ಗೀಟು ಹಾಕಿದಳು.